ಹಲಗಿ ಯಾರದು, ಕುಣಿತ ಯಾರದು?

ನಮ್ಮ ಜಾನಪದ ಪುಸ್ತಕಗಳಲ್ಲಿ ಗುಡ್ಡಗಾಡು ಜನ ಯಾವಾಗಲೂ ಕುಣಿಯುತ್ತಲೇ ಇರುತ್ತಾರೆ. ಅವರಿಗೆ ಹೊಟ್ಟೆ ಇಲ್ಲ, ಸಾಲ ಇಲ್ಲ, ಗೌಡ ಇಲ್ಲ. ಬೆಳದಿಂಗಳು ಬಿತ್ತೆಂದರೆ ಸಾಕು, ಮುಗ್ಧರಾದ ಅವರು ಗುಂಪುಗೂಡಿ ಹೆಜ್ಜೆ ಹಾಕತೊಡಗುತ್ತಾರೆ. ಬಿ.ಎ. ಓದುವಾಗ ಇಂಥ ಪುಸ್ತಕಗಳನ್ನು ನಾವು ಬಾಯಿಪಾಠ ಮಾಡಿದೆವು. ಹತ್ತು ಅಂಕದ ಪ್ರಶ್ನೆಗೆ ಬರೆದೆವು, ಅಂಕವೂ ಬಂತು. ಆದರೆ ಆ ಪುಟಗಳಲ್ಲಿ ನಮ್ಮಪ್ಪ ಎಲ್ಲಿಯೂ ಸಿಗಲಿಲ್ಲ. ಮೂವತ್ತು ವರ್ಷ ಊರ ಕುಣಿತಕ್ಕೆಲ್ಲ ಹಲಗಿ ಬಡಿದ ಮನುಷ್ಯ. ಅವನ ಬದಲಿಗೆ ವಾದ್ಯಗಳ ಪಟ್ಟಿಯಲ್ಲಿ ಒಂದು ಶಬ್ದ ಸಿಕ್ಕಿತು: ಚರ್ಮವಾದ್ಯ. ಆ ಚರ್ಮ ಸುಲಿದವರು ಯಾರು, ಹದ ಮಾಡಿದವರು ಯಾರು, ಅದು ಯಾರ ಹೆಗಲಿಗೆ ಬಿತ್ತು, ಯಾಕೆ ಬಿತ್ತು ಅನ್ನುವುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಹಾಗೆ ನೋಡಿದರೆ ನಾವೂ ಗುಡ್ಡದವರೇ. ಯಾದಗಿರಿಗೆ ಬಂದರೆ ಕೋಟೆ ಹೊತ್ತ ಗುಡ್ಡ, ಶಹಾಪುರಕ್ಕೆ ಹೋದರೆ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ. ಸುರಪುರವಂತೂ ಗುಡ್ಡಗಳ ನಡುವೆಯೇ ಇರುವ ಊರು. ಈ ಗುಡ್ಡಗಳಲ್ಲಿದ್ದವರು ಬರೀ ಕುಣಿದವರಲ್ಲ. ಮುಪ್ಪಿನ ಔರಂಗಜೇಬ 1705ರಲ್ಲಿ ತನ್ನ ದೊಡ್ಡ ದಂಡು ತಂದು ಮುತ್ತಿಗೆ ಹಾಕಿದ್ದು ಇಲ್ಲಿಯ ವಾಗಿನಗೇರಿಗೆ, ಬೇಡರ ಕೋಟೆಗೆ. ಇಂಗ್ಲಿಷರ ವಿರುದ್ಧ ಎದ್ದು 1858ರಲ್ಲಿ ಸತ್ತವನು ಸುರಪುರದ ರಾಜಾ ವೆಂಕಟಪ್ಪ ನಾಯಕ. ಅದಕ್ಕೂ ಮೊದಲು, ಆ ರಾಜ ಇನ್ನೂ ಹುಡುಗನಾಗಿದ್ದಾಗ ಸಂಸ್ಥಾನದ ಮೇಲೆ ಕಣ್ಣಿಡಲು ಬಂದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡು ಇದ್ದ. 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ ಸುರಪುರದ ಬೇಡರ ವಿಷಯ ಸಾಕಷ್ಟು ಬರುತ್ತದೆ. ಬೇಡ, ನಾಯಕ ಸಮುದಾಯ 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. ಅದು ಸರಿಯಾದದ್ದೇ. ಅದರ ಬಗ್ಗೆ ನಮ್ಮ ತಕರಾರಿಲ್ಲ. ನಾವು ಹೇಳುವುದಿಷ್ಟೆ: ಗುಡ್ಡ ಒಂದೇ ಆದರೂ ಅದರ ಮೇಲೆ ಎಲ್ಲರೂ ಒಂದೇ ಎತ್ತರದಲ್ಲಿ ನಿಂತಿರಲಿಲ್ಲ. 'ಗುಡ್ಡಗಾಡು ಜನರ ಕಲೆ' ಅಂದುಬಿಟ್ಟರೆ ಕೋಟೆಯೊಳಗಿನವನೂ ಕೇರಿಯವನೂ ಒಂದೇ ಚೀಲದೊಳಗೆ ಬೀಳುತ್ತಾರೆ.

ನಮ್ಮ ಭಾಗದಲ್ಲಿ ಕುಣಿತಕ್ಕೇನು ಬರ ಇಲ್ಲ. ಸಂಕ್ರಾಂತಿಗೆ ಮೈಲಾಪುರದ ಗುಡ್ಡದಲ್ಲಿ ಮಲ್ಲಯ್ಯನ ಜಾತ್ರೆ. ಡೊಳ್ಳು, ಗೊರವಯ್ಯಗಳ ಡಮರುಗ, ಭಂಡಾರದಿಂದ ಹಳದಿಯಾದ ಆಕಾಶ, ಸರಪಳಿ ಹರಿಯುವುದು. (ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿ ದಾರಿಯಲ್ಲೇ ಮರಿಗಳನ್ನು ಕಸಿದುಕೊಳ್ಳುತ್ತದೆ. ಆ ನಿಷೇಧ ಬಂದದ್ದು ಒಳ್ಳೆಯದಾಯಿತು. 'ಸಂಪ್ರದಾಯ' ಅಂತ ಅದಕ್ಕಾಗಿ ಅಳುವವರ ಜೊತೆ ನಾವಿಲ್ಲ.) ಸುಗ್ಗಿ ಮುಗಿದ ಮೇಲೆ ದೊಡ್ಡಾಟ, ಸಣ್ಣಾಟ. ಮದುವೆಗೆ, ಸಾವಿಗೆ ಹಲಗಿ. ಇವೆಲ್ಲಕ್ಕಿಂತ ನಮ್ಮ ಮೈಯೊಳಗೆ ಇಳಿದದ್ದು ಮೊಹರಮ್ಮಿನ ಅಲಾಯಿ ಕುಣಿತ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು.

ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಹಾಕಿ ಕುಣಿ ತೋಡುತ್ತಾರೆ. ಅದರಲ್ಲಿ ಬೆಂಕಿ ಬೀಳುತ್ತದೆ. ರಾತ್ರಿಯಾದರೆ ಊರ ಗಂಡಸರು ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಕುರುಬರು, ಬೇಡರು, ಲಿಂಗಾಯತರು, ಕಬ್ಬಲಿಗರು, ಮುಸಲರು, ಎಲ್ಲರೂ. ಸಕ್ಕರಿ ಓದಿಸುತ್ತಾರೆ, ಹರಕೆ ಹೊತ್ತ ಹುಡುಗರು ಫಕೀರರಾಗುತ್ತಾರೆ, ಅಳ್ಳೊಳ್ಳಿ ಬುವ್ವಾ ವೇಷ ಹಾಕಿ ಓಣಿ ತಿರುಗುತ್ತಾನೆ. ಕತ್ತಲ ರಾತ್ರಿಯಲ್ಲಿ ದೇವರು ಏಳುತ್ತವೆ. ಹತ್ತನೇ ದಿನ ದಫನ್. ಊರಲ್ಲಿ ಮುಸಲರ ಮನೆ ಒಂದೋ ಎರಡೋ ಇದ್ದರೂ ಹಬ್ಬ ಮಾತ್ರ ಊರಿನದು. ಇದನ್ನು ಕಂಡ ಪ್ರಾಧ್ಯಾಪಕರು 'ಭಾವೈಕ್ಯದ ಹಬ್ಬ' ಎಂದು ಬರೆದರು. ಬರೆದದ್ದು ಸುಳ್ಳಲ್ಲ. ಹಿಂದೂ ಮುಸಲ್ಮಾನರನ್ನು ಕಚ್ಚಾಡಿಸುವವರು ಊರೂರಿಗೆ ಬರುತ್ತಿರುವ ಈ ಕಾಲದಲ್ಲಿ ಆ ಮಾತನ್ನು ನಾವು ಬಿಟ್ಟುಕೊಡುವುದೂ ಇಲ್ಲ. ಆದರೆ ಅರ್ಧ ಸತ್ಯವನ್ನು ಪೂರ್ತಿ ಸತ್ಯ ಅಂತ ಒಪ್ಪಿಕೊಂಡು ಸುಮ್ಮನಿರುವುದು ನಮ್ಮಿಂದಾಗದು.

ಉಳಿದರ್ಧ ಇಲ್ಲಿದೆ. ಹಲಗಿ ಅಂದರೆ ಸುತ್ತ ಕಟ್ಟಿಗೆಯ ಬಳೆ, ಒಂದೇ ಮಗ್ಗುಲಿಗೆ ಎಳೆದು ಬಿಗಿದ ತೊಗಲು. ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಬಲಗೈಯಲ್ಲಿ ಗಿಡ್ಡ ಕೋಲು. ರಾತ್ರಿಯ ತಂಪಿಗೆ ತೊಗಲು ಸಡಿಲಾಗುತ್ತದೆ, ದನಿ ಸತ್ತುಹೋಗುತ್ತದೆ. ಅದನ್ನು ಆಗಾಗ ಬೆಂಕಿಗೆ ಹಿಡಿದು ಕಾಯಿಸಲೇಬೇಕು. ಹೆಚ್ಚಾದರೆ ಸೀಳುತ್ತದೆ, ಕಡಿಮೆಯಾದರೆ ಮಾತಾಡುವುದಿಲ್ಲ. ಅಂಗೈಯಿಂದ ಸವರಿ ಸವರಿ ಅದರ ಹದ ತಿಳಿಯಬೇಕು. ನಮ್ಮೂರಲ್ಲಿ ಅಷ್ಟು ದೊಡ್ಡ ಅಲಾಯಿ ಕುಣಿ, ಅದರ ತುಂಬ ಕೆಂಡ. ಆದರೆ ನಮ್ಮಪ್ಪ ಹಲಗಿ ಕಾಯಿಸಲು ಹದಿನೈದು ಇಪ್ಪತ್ತು ಮಾರು ದೂರದಲ್ಲಿ, ಬೇವಿನ ಗಿಡದ ಆಚೆ, ತೊಗರಿಕಟ್ಟಿಗೆಯ ಬೇರೆ ಬೆಂಕಿ ಹಾಕಿಕೊಳ್ಳಬೇಕು. ಕುಣಿಯ ಬೆಂಕಿಗೆ ನಮ್ಮ ಹಲಗಿ ತಾಗುವಂತಿರಲಿಲ್ಲ. ಆ ಕಟ್ಟಿಗೆಯನ್ನು ಹೊತ್ತು ತರುತ್ತಿದ್ದವರು ನಾವು, ಆರು ಏಳು ವರ್ಷದ ಹುಡುಗರು. ದೊಡ್ಡ ಬೆಂಕಿ ಬಿಟ್ಟು ಸಣ್ಣ ಬೆಂಕಿ ಯಾಕೆ ಅಂತ ಕೇಳಿದ್ದಕ್ಕೆ ಅವ್ವ ಬಾಯಿ ಮೇಲೆ ಕೈ ಇಟ್ಟಳು. ಅದು ನಾವು ಕಲಿತ ಮೊದಲ ಜಾನಪದ ಪಾಠ.

ಹಾಗಿದ್ದರೂ ಕುಣಿತವನ್ನು ನಡೆಸುತ್ತಿದ್ದವನು ಅವನೇ. ಇದನ್ನು ಕಲೆಯ ಮಾತಾಗಿಯೇ ಹೇಳುತ್ತೇವೆ. ಹಲಗಿಯವನು ಕುಣಿಯುವವರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಸಾಲಿನಲ್ಲಿ ಮುದುಕರಿದ್ದರೆ ಏಟಿನ ನಡುವೆ ಕೂದಲೆಳೆಯಷ್ಟು ತಡೆಯುತ್ತಾನೆ. ಹುಡುಗರ ಸೊಕ್ಕು ಏರಿದರೆ ಮೊದಲು ಅದಕ್ಕೆ ತುಸು ಬಿಟ್ಟುಕೊಟ್ಟು, ಆಮೇಲೆ ಕೈ ಬಿಗಿ ಹಿಡಿದು ಸಾಲನ್ನು ಮತ್ತೆ ಒಂದುಗೂಡಿಸುತ್ತಾನೆ. ಹೆಜ್ಜೆ ತಪ್ಪಿದವನಿಗೆ ಒಂದು ಹೆಚ್ಚಿನ ಏಟು ಹಾಕಿ ಒಳಗೆ ಸೇರಿಸಿಕೊಳ್ಳುತ್ತಾನೆ. ಇಡೀ ಊರನ್ನು ಒಂದು ತಾಳಕ್ಕೆ ತರುತ್ತಿದ್ದ ಮನುಷ್ಯ ಆ ಊರಿನ ಬೆಂಕಿಗೆ ಹೊರಗಿನವನು. ಈ ವಿಚಿತ್ರ ವಿದ್ವಾಂಸರ ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ಅವರಿಗೆ ಕೂರಲು ಮಸೂತಿ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಬೇವಿನ ಗಿಡದ ಆಚೆಗೆ ಬೆಳಕಿರಲಿಲ್ಲ.

ಇನ್ನು ರಿವಾಯತ ಪದಗಳು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುಸೇನ ಮತ್ತು ಅವರ ಬಳಗವನ್ನು ಯೂಫ್ರೆಟಿಸ್ ನದಿಯ ನೀರಿಗೆ ಹೋಗದಂತೆ ತಡೆದರು. ಮಕ್ಕಳು ನೀರಿಲ್ಲದೆ ಬಾಯಾರಿದರು. ನಮ್ಮ ರಿವಾಯತದವರು ಈ ಕತೆಯನ್ನು ಕನ್ನಡದಲ್ಲಿ, ನಮ್ಮೂರ ಮಾತಲ್ಲಿ ಹಾಡುತ್ತಾರೆ. ನಮ್ಮ ಕೇರಿಯಲ್ಲೂ ಒಂದು ರಿವಾಯತ ಮೇಳ ಇತ್ತು. ನೀರಿನ ಭಾಗ ಬಂದಾಗ ಕೇರಿಯ ಮುದುಕರ ದನಿ ಬೇರೆಯಾಗುತ್ತಿತ್ತು. ಭಕ್ತಿಯಿಂದ ಅಂತ ಬೇರೆಯವರು ತಿಳಿದರು. ನಮಗೆ ಗೊತ್ತು, ಅದು ಬರೀ ಭಕ್ತಿಯಲ್ಲ. ಊರ ಬಾವಿಯ ದಂಡೆಯಲ್ಲಿ ಕೊಡ ಇಟ್ಟು, ಯಾರಾದರೂ ಮೇಲಿನವರು ಬಂದು ಸೇದಿ ಹಾಕಲಿ ಅಂತ ಬಿಸಿಲಲ್ಲಿ ಕುಳಿತವರು ಅವರು. ಯೂಫ್ರೆಟಿಸ್ ಅವರಿಗೆ ದೂರದ ನದಿಯಾಗಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದದ್ದನ್ನು ನಾವು ಪುಸ್ತಕದಲ್ಲಿ ಓದಿದ್ದು ಆಮೇಲೆ. ಅದಕ್ಕೂ ಮೊದಲೇ ನೀರು ತಡೆಯುವವನು ಯಜೀದನ ಕಡೆಯವನು ಅನ್ನುವುದು ಆ ಪದಗಳಿಂದ ನಮ್ಮ ಕಿವಿಗೆ ಬಿದ್ದಿತ್ತು. ಊರವರು ಅದೇ ಪದ ಕೇಳಿ ಕಣ್ಣೀರು ಹಾಕಿ, ಮರುದಿನ ಬೆಳಿಗ್ಗೆ ಅದೇ ಬಾವಿ ಕಾಯುತ್ತಿದ್ದರು. ಒಂದು ಕಲೆ ಕೇಳುವವನ ಕಣ್ಣಲ್ಲಿ ನೀರು ತರಿಸಿಯೂ ಅವನನ್ನು ಕೂದಲಷ್ಟೂ ಅಲುಗಿಸದೆ ಇರಬಲ್ಲದು. ಕಲೆ ಮನುಷ್ಯನನ್ನು ಮೃದು ಮಾಡುತ್ತದೆ ಅನ್ನುವ ಸಾಹಿತ್ಯ ಪಂಡಿತರು ಈ ಬಾವಿಯ ಕಡೆ ಒಮ್ಮೆ ಬರಬೇಕು.

ಆಟದ ವಿಷಯ ಹೀಗೆಯೇ, ಆದರೆ ಸ್ವಲ್ಪ ಬೇರೆ. ದೊಡ್ಡಾಟದಲ್ಲಿ ಹೆಚ್ಚಿನವು ಪುರಾಣದ ಕತೆ, ರಾಜರ ಕತೆ. ಕಿರೀಟ, ಭುಜಕೀರ್ತಿ, ಕತ್ತಿ, ಅಬ್ಬರ. ಕೇರಿಯವರೂ ಮೇಳ ಕಟ್ಟಿಕೊಂಡು ಆಡುತ್ತಿದ್ದರು. ನಮ್ಮ ಸೋದರಮಾವ ಕರ್ಣನ ಪಾತ್ರ ಮಾಡುತ್ತಿದ್ದ. ತಿಂಗಳುಗಟ್ಟಲೆ ತಾಲೀಮು, ಸಾಲ ಮಾಡಿ ವೇಷಕ್ಕೆ ಬಾಡಿಗೆ. ಬೆಳಗಿನ ಜಾವ ಕರ್ಣ ಸತ್ತ ಮೇಲೆ, ಮುಖದ ಬಣ್ಣ ಪೂರ್ತಿ ತೊಳೆಯುವುದರೊಳಗೆ ಗೌಡರ ದನದ ಮನೆಗೆ ಹೋಗಬೇಕು. ಈ ರಾಜರ ಆಟ ನಮ್ಮವರಿಗೆ ಏನು ಕೊಟ್ಟಿತು? ಕೆಲವು ಗೆಳೆಯರು 'ಅಫೀಮು ಕೊಟ್ಟಿತು' ಅನ್ನುತ್ತಾರೆ. ಅಷ್ಟು ಸಲೀಸಾಗಿ ಹೇಳಲು ನಮಗೆ ಮನಸ್ಸು ಬರುವುದಿಲ್ಲ. ಓದು ಬಾರದ ಸೋದರಮಾವ ಕುಲ ಕೇಳಿ ಅವಮಾನಿಸುವ ಸಭೆಗೆ ಕರ್ಣನಾಗಿ ಉತ್ತರ ಕೊಡುವಾಗ ಎದುರಿಗೆ ಕುಳಿತ ಗೌಡರ ಮುಖ ನೋಡಿಯೇ ಕೊಡುತ್ತಿದ್ದ. ಹಗಲಲ್ಲಿ ಆ ಮುಖವನ್ನು ಹಾಗೆ ನೋಡುವಂತಿರಲಿಲ್ಲ. ಆದರೆ ಆ ನೋಟ ಬೆಳಗಾಗುವ ತನಕ ಮಾತ್ರ. ಅದನ್ನು ಬೆಳಗಿಗೂ ದಾಟಿಸುವ ದಾರಿ ಆಟದೊಳಗೆ ಇರಲಿಲ್ಲ. ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ'ಯಲ್ಲಿ ಬಯಲಾಟದ ಒಡಲಿನಲ್ಲೇ ಗೌಡನನ್ನೂ ಹೊಲ ಉಳುವವನನ್ನೂ ಎದುರುಬದುರು ನಿಲ್ಲಿಸಿ, ಈ ರೂಪಕ್ಕೆ ಪ್ರಶ್ನೆ ಕೇಳಲು ಬರುತ್ತದೆ ಅಂತ ತೋರಿಸಿದರು. ಅದನ್ನು ಒಪ್ಪುತ್ತೇವೆ. ಆದರೆ ಆ ಪ್ರಶ್ನೆಗೆ ಪಟ್ಟಣದ ರಂಗಮಂದಿರದಲ್ಲಿ ಚಪ್ಪಾಳೆ ಸಿಗುತ್ತದೆ. ಹಳ್ಳಿಯ ಅಟ್ಟದ ಮೇಲೆ ಅದೇ ಪ್ರಶ್ನೆ ಕೇಳಿದವನಿಗೆ ಮರುದಿನ ಕೂಲಿ ಸಿಗುವುದಿಲ್ಲ. ಈ ವ್ಯತ್ಯಾಸವನ್ನು ವಿಮರ್ಶೆ ಲೆಕ್ಕಕ್ಕೆ ಹಿಡಿಯಬೇಕು.

ಸಣ್ಣಾಟದಲ್ಲಿ, ಪಾರಿಜಾತದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳೇ ಬಂದರು. ಕೌಜಲಗಿ ನಿಂಗಮ್ಮನ ಹೆಸರು ಇವತ್ತಿಗೂ ಉಳಿದಿದೆ. ಆದರೆ ಹೆಸರು ಉಳಿಯದವರು ಎಷ್ಟು ಮಂದಿ? ಅವರಲ್ಲಿ ಬಹಳ ಮಂದಿ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು, ಹೆಚ್ಚಾಗಿ ನಮ್ಮ ಕೇರಿಗಳಿಂದ ಹೋದವರು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಗೆ 1982ರ ಹೆಸರಿದೆ. ಅಟ್ಟದ ಮೇಲೆ 'ಸಂಗ್ಯಾ ಬಾಳ್ಯಾ'ದ ಗಂಗಿಯಾಗಿ ಊರನ್ನೇ ಅಳಿಸಿದವಳನ್ನು, ಅಟ್ಟ ಇಳಿದ ಮೇಲೆ ಏನೆಂದು ಕರೆದರು ಅಂತ ನಾವಿಲ್ಲಿ ಬರೆಯುವುದಿಲ್ಲ. 'ಲೋಕಕಲೆಯ ಚೆಲುವು' ಅನ್ನುವ ಮಾತು ಕೇಳಿದಾಗಲೆಲ್ಲ ನಮ್ಮ ಅಜ್ಜಿಯ ತಂಗಿಯೊಬ್ಬಳು ನೆನಪಾಗುತ್ತಾಳೆ. ಅವಳ ದನಿ ಚೆನ್ನಾಗಿತ್ತು ಅನ್ನುವುದೇ ಅವಳ ಕೇಡಿಗೆ ಕಾರಣವಾಯಿತು. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಸುದ್ದಿ ಬಂದ ದಿನ ನಾವು ಖುಷಿಪಟ್ಟದ್ದು ಪ್ರಶಸ್ತಿಗಾಗಿ ಅಲ್ಲ. ಅವರು ಕುಣಿತದ ಜೊತೆ ತಮ್ಮ ಬದುಕಿನ ಕತೆಯನ್ನೂ ವೇದಿಕೆ ಹತ್ತಿಸಿದರು. ಕುಣಿತ ಇಟ್ಟುಕೊಂಡು ಬದುಕನ್ನು ಹೊರಗೆ ನಿಲ್ಲಿಸಲು ಯಾರಿಗೂ ಬಿಡಲಿಲ್ಲ.

ಪದವಿಯ ಎರಡನೇ ವರ್ಷ ನಮ್ಮ ಕಾಲೇಜಿನಲ್ಲಿ ಯುವಜನೋತ್ಸವದ ತಯಾರಿ. ಯಾವ ಕಾಲೇಜು ಅನ್ನುವುದು ಬೇಡ. 'ಗುಡ್ಡಗಾಡು ನೃತ್ಯ' ಅಂತ ಒಂದು ಸ್ಪರ್ಧೆ. ಅಧ್ಯಾಪಕರೊಬ್ಬರು ನಮ್ಮನ್ನು ಕರೆದು, 'ನಿಮ್ಮ ಮನ್ಯಾಗ ಹಲಗಿ ಇರ್ತದಲ್ಲ, ತಗೊಂಡು ಬಾ' ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಲಿಲ್ಲ, ಹಾಜರಿ ಪುಸ್ತಕದಲ್ಲಿ ನಮ್ಮ ಜಾತಿ ಇತ್ತು. ಅಪ್ಪನ ಹಲಗಿ ಬಸ್ಸಿನಲ್ಲಿ ಬಂತು. ಹುಡುಗರಿಗೆ ಎಲೆಯ ಲಂಗ, ತಲೆಗೆ ನವಿಲುಗರಿ, ಮುಖಕ್ಕೆ ಬಿಳಿ ಚುಕ್ಕೆ. ನಮ್ಮ ಗುಡ್ಡದಲ್ಲಿ ಎಲೆಯ ಲಂಗ ಉಟ್ಟವರನ್ನು ನಾವ್ಯಾರೂ ಕಂಡಿಲ್ಲ. ಹಾಗೆ ಹೇಳಿದ್ದಕ್ಕೆ 'ಸ್ಟೇಜಿಗೆ ಎಫೆಕ್ಟ್ ಬೇಕಪಾ' ಅಂದರು. ಎರಡನೇ ಬಹುಮಾನ ಬಂತು. ಫೋಟೋದಲ್ಲಿ ನವಿಲುಗರಿಯವರೆಲ್ಲ ಇದ್ದಾರೆ, ಹಲಗಿ ಬಡಿದ ನಾವು ಇಲ್ಲ. ಪಕ್ಕದ ಕತ್ತಲಲ್ಲಿ ನಿಲ್ಲಿಸಿದ್ದರು. ಆ ರಾತ್ರಿ ಹಾಸ್ಟೆಲ್ಲಿನ ಕೋಣೆಯವರು ಹಲಗಿ ಒಳಗಿಡಬೇಡ, ವಾಸನೆ ಬರ್ತದ ಅಂದರು. ಬಹುಮಾನದ ತಟ್ಟೆ ಮಾತ್ರ ಕಪಾಟಿನಲ್ಲಿ ಕುಳಿತಿತು.

ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆವು. ಅವನಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆವು. ಅವನು ಕೇಳಿದ್ದು ಒಂದೇ: 'ಒಲ್ಲೆ ಅನ್ಲಿಕ್ಕ ಬರ್ತಿತ್ತಿಲ್ಲೋ?' ಬರ್ತಿತ್ತು ಅಂದೆವು. 'ಮತ್ತ್ಯಾಕ ಅನ್ನಲಿಲ್ಲ? ನನಗಂತೂ ಅನ್ಲಿಕ್ಕ ಬರ್ತಿದ್ದಿಲ್ಲ.'

ನಮ್ಮ ವಿಮರ್ಶೆಯ ಅಳತೆಗೋಲು ಆವತ್ತು ಸಿಕ್ಕಿತು. ಅಪ್ಪನ ಕಾಲದಲ್ಲಿ ಹಲಗಿ ಬಡಿಯುವುದು ಊರ ಚಾಕರಿ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಇಷ್ಟು ಜೋಳ. ಯಾರೋ ಸತ್ತರೆ ಅರ್ಧರಾತ್ರಿಯಲ್ಲೂ ಎದ್ದು ಹೋಗಬೇಕು, ಜ್ವರ ಇದ್ದರೂ ಹೋಗಬೇಕು. ಒಲ್ಲೆ ಅಂದವನಿಗೆ ಕಿರಾಣಿ ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್. ಒಲ್ಲೆ ಅನ್ನಲು ಬಾರದ ಕಡೆ ನಡೆಯುವುದನ್ನು ಕಲೆ ಅಂತ ಕರೆಯಬಹುದೆ? ಅದರಲ್ಲಿ ಕಲೆ ಇತ್ತು, ಅಪಾರವಾಗಿ ಇತ್ತು. ಮೇಲೆ ಹೇಳಿದ ಆ ಕೂದಲೆಳೆಯ ತಡೆ ಚಾಕರಿಯವನು ಮಾಡುವ ಕೆಲಸವಲ್ಲ. ಚಾಕರಿಯೊಳಗೇ ಅವನು ತನಗಾಗಿ ಉಳಿಸಿಕೊಂಡದ್ದು ಅದು. ಆದರೆ ಆ ಕಲೆಯನ್ನು ಹೊಗಳುವವನು ಮೊದಲು ಚಾಕರಿಯನ್ನು ಹೇಳಬೇಕು. ಆಯ ಎಷ್ಟು, ಯಾರು ಕೊಟ್ಟರು, ಎಲ್ಲಿ ನಿಲ್ಲಿಸಿ ಕೊಟ್ಟರು ಅನ್ನುವುದಿಲ್ಲದ ಜಾನಪದ ಗ್ರಂಥ ನಮ್ಮ ಪಾಲಿಗೆ ಅರ್ಧ ಹಾಳೆ ಹರಿದ ಪುಸ್ತಕ.

ಚಳವಳಿಯೊಳಗೇ ಈ ಬಗ್ಗೆ ಜಗಳ ಇದೆ. ಹಲಗಿ ನಮ್ಮ ಗುಲಾಮಗಿರಿಯ ಗುರುತು, ಒಡೆದು ಹಾಕಿ ಅನ್ನುವವರಿದ್ದಾರೆ. ಹಲಗಿ ನಮ್ಮ ದನಿ, ಅದನ್ನು ಮೆರವಣಿಗೆಯ ಮುಂದೆ ಹಿಡಿಯಿರಿ ಅನ್ನುವವರಿದ್ದಾರೆ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅದು ಹಾಗೆ ಮೊಳಗಿದ್ದೂ ಉಂಟು. ತಮಿಳುನಾಡಿನಲ್ಲೂ ಇದೇ ನಡೆಯಿತು. ಸಾವಿನ ಮನೆಯ ಪರೈ ಬಾರಿಸುವುದಿಲ್ಲ ಅಂತ ಕೇರಿಗಳು ಎದ್ದು ನಿಂತವು. ಅದೇ ಪರೈಯನ್ನು ಹೊಸ ಹುಡುಗರು, ಹುಡುಗಿಯರು ಹೋರಾಟದ ವಾದ್ಯವಾಗಿ ಎತ್ತಿಕೊಂಡರು. ನಮಗೆ ಈ ಎರಡರ ನಡುವೆ ವಿರೋಧ ಕಾಣುವುದಿಲ್ಲ, ಅನುಕ್ರಮ ಕಾಣುತ್ತದೆ. ಮೊದಲು ಕೆಳಗಿಡಲು ಬರಬೇಕು. ಕೆಳಗಿಟ್ಟವನೇ ಮತ್ತೆ ಎತ್ತಿಕೊಳ್ಳಬಲ್ಲ. ಕೆಳಗಿಡದೆಯೇ ಅದನ್ನು ಕ್ರಾಂತಿಯ ವಾದ್ಯ ಅಂತ ಹಾಡಿ ಹೊಗಳುವ ಪಟ್ಟಣದ ಕವಿಗಳಿದ್ದಾರೆ. ನಾವೂ ಅಂಥ ಎರಡು ಪದ್ಯ ಬರೆದೆವು, ಹರಿದು ಹಾಕಿದೆವು.

ನಾರಾಯಣಪುರದ ಅಣೆಕಟ್ಟೆಯ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಕೆಲವು ಹೊಲ ಹಸಿರಾದವು. ನೀರು ಕಾಣದ ಊರುಗಳಿಂದ ಮಂದಿ ಬೆಂಗಳೂರಿಗೆ ಗುಳೆ ಹೋಗುವುದು ನಿಲ್ಲಲಿಲ್ಲ. ಕಟ್ಟಡದ ಕೆಲಸಕ್ಕೆ ಹೋದ ನಮ್ಮ ಕೇರಿಯ ಹುಡುಗರು ಎರಡು ಕಲಿತು ಬಂದರು: ದಿನದ ಕೂಲಿ ಮೊದಲೇ ಮಾತಾಡುವುದು, ಕೊಡದಿದ್ದರೆ ಕೆಲಸಕ್ಕೆ ಇಳಿಯದಿರುವುದು. ಅವರು ಹಲಗಿ ತಂಡ ಕಟ್ಟಿದ್ದಾರೆ. ಈಗ ಆಯದ ಜೋಳ ಇಲ್ಲ, ಮುಂಗಡ ಇದೆ. ಮೊಬೈಲಿನಲ್ಲೇ ಮಾತು ಮುಗಿಯುತ್ತದೆ. ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆ ಬಿಗಿದ ಹಲಗಿಯೂ ಬಂದಿದೆ, ಅದಕ್ಕೆ ಬೆಂಕಿಯ ಹಂಗಿಲ್ಲ. ಮುದುಕರಿಗೆ ಅದರ ದನಿ ಸೇರುವುದಿಲ್ಲ, ಹುಡುಗರೂ ಅಲಾಯಿಗೆ ಮಾತ್ರ ತೊಗಲಿನದೇ ಬೇಕು ಅನ್ನುತ್ತಾರೆ. 'ಶುದ್ಧ ಜಾನಪದ ಕೆಟ್ಟಿತು' ಅಂತ ಗೊಣಗುವವರು ಗೊಣಗಲಿ. ದರ ಮಾತಾಡುವ ಬಾಯಿ ಬಂದದ್ದು ನಮಗೆ ಕೆಡುಕಾಗಿ ಕಾಣುವುದಿಲ್ಲ.

ಹೋದ ಮೊಹರಮ್ಮಿಗೆ ಆ ಹುಡುಗರು ಊರ ಹಿರಿಯರಿಗೆ ಒಂದು ಮಾತು ಹೇಳಿ ಕಳಿಸಿದರು. ರೊಕ್ಕ ಬೇಡ, ಪುಕ್ಕಟೆ ಬಡಿಯುತ್ತೇವೆ. ಆದರೆ ಹಲಗಿ ಕಾಯಿಸುವುದು ಅಲಾಯಿ ಕುಣಿಯ ಬೆಂಕಿಗೇ. ಮುಜಾವರ ಸಾಬರು, 'ಬೆಂಕಿಗೇನು ಜಾತಿ ಅದ, ಕಾಸ್ಕೊಳ್ರಿ' ಅಂದರು. ಆದರೆ ಅವರದು ಊರಲ್ಲಿ ಎರಡೇ ಮನೆ, ಅವರ ಮಾತು ಕಟ್ಟೆಯ ತನಕ ಹೋಗಿ ನಿಂತಿತು. ಹಿರಿಯರು ಎರಡು ದಿನ ಕೂತರು. ಹಿಂದಿನಿಂದ ಬಂದದ್ದು ಮುರಿಯಬಾರದು ಅಂದರು. ಹುಡುಗರು ಹಲಗಿ ಕೆಳಗಿಟ್ಟರು.

ಕತ್ತಲ ರಾತ್ರಿ ಊರವರು ದೊಡ್ಡ ಸ್ಪೀಕರ್ ತರಿಸಿದರು. ಮೂರು ವರ್ಷದ ಹಿಂದೆ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟ ಹಲಗಿಯನ್ನೇ ಹಾಕಿದರು. ಬಡಿಯುವವನಿಲ್ಲದೆ ಹಲಗಿ, ಜಾನಪದ ಪುಸ್ತಕದವರು ಇಷ್ಟು ದಿನ ಬಯಸಿದ್ದು ಇದನ್ನೇ ಇರಬೇಕು. ಮಸೂತಿ ಮುಂದೆ ಸಾಲು ಕಟ್ಟಿತು. ಆದರೆ ಸ್ಪೀಕರ್ ಕಾಲು ನೋಡುವುದಿಲ್ಲ. ಮುದುಕರು ಹಿಂದೆ ಬಿದ್ದರು, ಹುಡುಗರು ಮುಂದೆ ಹೋದರು, ಸಾಲು ಅಲ್ಲಲ್ಲಿ ಹರಿಯಿತು, ಮತ್ತೆ ಮತ್ತೆ ಮೊದಲಿನಿಂದ ಹಾಕಿದರು. ನಾವು ಕೇರಿಯ ಅಂಗಳದಲ್ಲಿ ಕುಳಿತಿದ್ದೆವು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಅದು ಅವನದೇ ಕೈ. ಸ್ವಲ್ಪ ಹೊತ್ತಿನ ಮೇಲೆ ಅಂದ: 'ಮೂರನೇ ಏಟು ಹುಸಿ ಬಿದ್ದದ ನೋಡು. ಆವತ್ತು ಹೆಬ್ಬಟ್ಟಿಗೆ ಗಾಯ ಆಗಿತ್ತು.'